ದಾರಿಯುದ್ದಕ್ಕೂ ಕೇಳಿದ ಹೆಸರು

ರಿಮೋನ್ ದಿಬ್ಬದ ಕೆಳಗೆ, ಫ್ರೇಹಾ ಚಿಕ್ಕಮ್ಮನ ಮನೆ
ಜುಲೈ ೧೪, ಮಂಗಳವಾರ

ಪ್ರೀತಿಯ ಎಲ್ಕಾನಾ,

ಮಗು ಕ್ಷೇಮ. ಮೇಲಿನ ಹಲ್ಲು ಎರಡು ಮೂಡಿವೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ, ನಿನ್ನೆ ಚಿಕ್ಕಮ್ಮನ ಮೂಗನ್ನೂ ಬಿಡಲಿಲ್ಲ. ಲಕೋಟೆ ಒಡೆದ ಕೂಡಲೇ ನಿನ್ನ ಕಣ್ಣು ಹುಡುಕುವುದು ಅದನ್ನೇ ಎಂದು ಗೊತ್ತಿರುವುದರಿಂದ ಮೊದಲು ಬರೆದೆ. ನನ್ನ ಕ್ಷೇಮದ ಮಾತು ಆಮೇಲೆ.

ಫೋನು ಎತ್ತುತ್ತಿಲ್ಲ ಎಂದು ನಿನ್ನ ತಂಗಿಯ ಹತ್ತಿರ ಗೋಳಾಡಿದೆಯಂತೆ. ಬೇಕೆಂದೇ ಎತ್ತುತ್ತಿಲ್ಲ ಕಣೋ. ಫೋನಿನಲ್ಲಿ ನೀನು ಮಾತಾಡಿಬಿಡುತ್ತೀ. ಬಸ್ಸು ತುಂಬ ಯಾತ್ರಿಕರನ್ನು ಕರೆದುಕೊಂಡು ಹೋಗಿ, ಒಂದು ಮುರಿದ ಕಂಬ ತೋರಿಸಿ ಅವರ ಕಣ್ಣಲ್ಲಿ ನೀರು ತರಿಸುವ ಗಂಟಲು ನಿನ್ನದು. ಆ ಗಂಟಲಿನ ಎದುರು ನನ್ನ ಮಾತು ಯಾವತ್ತೂ ಅರ್ಧಕ್ಕೇ ನಿಂತಿದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಮನೆ ಬಿಟ್ಟು ಬರುವಾಗ ನಾನು ನಿನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ನಮ್ಮ ಮೊದಲನೆಯವನನ್ನು ಎಲ್ಲಿ ಮಣ್ಣು ಮಾಡಿದರು? ಅವನಿಗೆ ಏನೆಂದು ಹೆಸರಿಟ್ಟರು? ಎರಡಕ್ಕೂ ನೀನು ಗೊತ್ತಿಲ್ಲ ಎಂದೆ. ಶವಸಂಸ್ಕಾರದ ಮಂಡಳಿಯವರು ಆಸ್ಪತ್ರೆಯ ಹಿಂಬಾಗಿಲಲ್ಲೇ ತೆಗೆದುಕೊಂಡು ಹೋದರು, ನನ್ನನ್ನು ಹತ್ತಿರಕ್ಕೂ ಸೇರಿಸಲಿಲ್ಲ ಎಂದೆ. ಇದ್ದವನನ್ನು ನೋಡಿಕೊಂಡು ಹೋದವನನ್ನು ಮರೆತುಬಿಡು ಎಂದೂ ಹೇಳಿದೆ. ಆ ಮಾತಿಗೇ ನಾನು ಚೀಲ ತುಂಬಿಕೊಂಡು ಹೊರಟದ್ದು.

ಈಗ ನನ್ನ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಸಿಕ್ಕಿದೆ. ಅದಕ್ಕೇ ಈ ಕಾಗದ.

ಇಲ್ಲಿಗೆ ಬಂದ ಮೊದಲ ವಾರ ನಾನು ಮಗುವಿನ ಮೂಗಿನ ಕೆಳಗೆ ಅಂಗೈ ಇಟ್ಟುಕೊಂಡೇ ಕೂತಿರುತ್ತಿದ್ದೆ. ಉಸಿರು ಬೆಚ್ಚಗೆ ತಗಲಿದರೆ ಒಂದು ಕ್ಷಣ ನೆಮ್ಮದಿ, ಮರುಕ್ಷಣ ಮತ್ತೆ ಅನುಮಾನ. ಕಾಲೇಜಿನಲ್ಲಿ ಓದಿದ್ದೆಲ್ಲ ನನಗೆ ನೆನಪಿದೆ. ಮಗುವಿನ ಎದೆ ಏರಿಳಿಯುವುದನ್ನು ನಾನು ಕಾದು ಕೂತ ಮಾತ್ರಕ್ಕೆ ಅದು ಹೆಚ್ಚು ದಿನ ಬದುಕುವುದಿಲ್ಲ ಎಂದೂ ಗೊತ್ತು. ಗೊತ್ತಿದ್ದರೆ ನಿದ್ದೆ ಬರುತ್ತದೆಯೇ? ಚಿಕ್ಕಮ್ಮ ಒಂದು ವಾರ ನೋಡಿದಳು, ಆಮೇಲೆ ಬೈದಳು. ಓದಿದವಳ ತಲೆಯಂತೂ ಮಲಗೋಲ್ಲ, ಮೈಯನ್ನಾದರೂ ಮಲಗಿಸು ಹೋಗೇ, ಮೇಲೆ ದಿಬ್ಬದಲ್ಲಿ ಹೂತುಹೋದ ಹಳೇ ಊರನ್ನ ಅಗೆಯೋದಕ್ಕೆ ಜನ ಬೇಕಂತೆ, ಮಗೂನ ನಾನು ನೋಡ್ಕೋತೀನಿ ಎಂದಳು. ಹಾಗೆ ಸ್ವಯಂಸೇವಕಿಯಾದೆ. ನೀನು ನಗುತ್ತೀ. ನಾವಿಬ್ಬರೂ ಓದುವಾಗ ಇಂಥದ್ದೇ ಒಂದು ಗುಂಡಿಯಲ್ಲಿ ಪರಿಚಯವಾದವರು. ನೀನು ಆಮೇಲೆ ಮಣ್ಣು ಬಿಟ್ಟು ಮಾತು ಹಿಡಿದೆ.

ಬೆಳಕು ಹರಿಯುವ ಹೊತ್ತಿಗೆ ಮೇಲೆ ಹೋಗುತ್ತೇವೆ, ಬಿಸಿಲು ನೆತ್ತಿಗೆ ಬರುವ ಮುಂಚೆ ಇಳಿಯುತ್ತೇವೆ. ನಮ್ಮ ಮೇಲಿನ ಯಜಮಾನ ಓಬದ್ಯಾ ಎಂಬವನು, ಹೊಟ್ಟೆ ದೊಡ್ಡದು, ನಾಲಿಗೆ ಅದಕ್ಕಿಂತ ಚೂಪು. ನಾನು ಬ್ರಷ್ಷಿನಿಂದ ಗೋಡೆಯ ಮಣ್ಣನ್ನು ಮೆಲ್ಲಗೆ ತೆಗೆಯುತ್ತಿದ್ದರೆ, ತಿರ್ಜಾ, ಗೋಡೆಗೆ ತಲೆ ಬಾಚ್ತಿದ್ದೀಯಾ, ಜಡೆನೂ ಹಾಕ್ತೀಯಾ ಎಂದು ಕೇಳುತ್ತಾನೆ. ನನ್ನ ಗುಂಡಿಯಲ್ಲೇ ಐಲಿ ಎಂಬ ಫಿನ್‌ಲೆಂಡಿನ ವಿಧವೆ ಇದ್ದಾಳೆ. ಪ್ರತಿ ಬೇಸಿಗೆಯೂ ಬರುತ್ತಾಳೆ, ಮಧ್ಯಾಹ್ನದ ಮೇಲೆ ಬಸ್ಸು ಹತ್ತಿ ಪವಿತ್ರ ಸ್ಥಳಗಳನ್ನು ನೋಡಿಬರುತ್ತಾಳೆ, ನೋಡಿದ್ದನ್ನೇ ಮತ್ತೆ ನೋಡುತ್ತಾಳೆ. ಈ ಸುಡುಬಿಸಿಲಿಗೆ ದುಡ್ಡು ಕೊಟ್ಟು ಬರೋಳು ನೀನೊಬ್ಬಳೇ ಎಂದು ಓಬದ್ಯಾ ಕೆಣಕಿದರೆ, ನಮ್ಮೂರಿನ ಹಬೆಯ ಬಚ್ಚಲಮನೆ ಇದಕ್ಕಿಂತ ಬಿಸಿ ಇರುತ್ತೆ, ಅಲ್ಲಿ ನಿನ್ನ ಮಾತು ಕೇಳೋ ಕಷ್ಟವೂ ಇಲ್ಲ ಎನ್ನುತ್ತಾಳೆ.

ಅವಳು ಒಂದು ದಿನ ನಾಯಿನ್ ಊರಿಗೆ ಹೋಗಿಬಂದ ಕಥೆ ಹೇಳಿದಳು. ನನ್ನ ಕೈಯಿಂದ ಕರಣೆ ಜಾರಿತು.

ನಿನಗೆ ನೆನಪಿದೆಯೋ ಇಲ್ಲವೋ. ಮೊದಲನೆಯವನು ಹೋಗಿ ಒಂದು ವಾರವೂ ಆಗಿರಲಿಲ್ಲ. ಮೂವತ್ತು ದಿನ ತುಂಬದ ಕೂಸಿಗೆ ಏಳು ದಿನ ನೆಲಕ್ಕೆ ಕೂತು ಅಳುವ ಪದ್ಧತಿ ನಮ್ಮಲ್ಲಿಲ್ಲ ಎಂದು ನಿನ್ನ ಅಮ್ಮ ಹೇಳಿದರು. ಸಾವಿನ ಮನೆಯಲ್ಲಿ ಮಾಡುವ ಹಾಗೆ ಕನ್ನಡಿಗೆ ಬಟ್ಟೆ ಮುಚ್ಚಲು ಹೋದ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡರು, ಅದೂ ಪ್ರೀತಿಯಿಂದಲೇ, ನನ್ನ ಕೆನ್ನೆ ಸವರುತ್ತ. ಬೀದಿಯವರು ಯಾರೂ ಅಡುಗೆ ಮಾಡಿ ತರಲಿಲ್ಲ. ತಂದರೆ ಅದು ಸಾವು ಎಂದು ಒಪ್ಪಿಕೊಂಡ ಹಾಗಲ್ಲವೇ! ಮನೆಯಲ್ಲಿ ಒಬ್ಬಳೇ ಇರಬೇಡ ಎಂದು ನೀನು ನನ್ನನ್ನು ನಿನ್ನ ಯಾತ್ರಿಕರ ಬಸ್ಸಿಗೆ ಹತ್ತಿಸಿದೆ. ಕೊನೆಯ ಸಾಲಿನಲ್ಲಿ ಕೂತಿದ್ದೆ. ಮಗು ಹೋಗಿದೆ ಎಂದು ನನ್ನ ಎದೆಗೆ ಯಾರೂ ಹೇಳಿರಲಿಲ್ಲ. ಹಾಲು ಇಳಿದು ಅಂಗಿ ನೆನೆಯುತ್ತಿತ್ತು, ಆ ಸೆಕೆಯಲ್ಲಿ ಶಾಲು ಹೊದ್ದು ಕೂತಿದ್ದೆ. ನಾಯಿನ್‌ನಲ್ಲಿ ಇಳಿದಿರಿ. ವಿಧವೆಯ ಒಬ್ಬನೇ ಮಗನನ್ನು ಚಟ್ಟದ ಮೇಲೆ ಹೊತ್ತು ತರುತ್ತಿದ್ದಾಗ ಅವನು ಎದ್ದು ಕೂತ ಕಥೆಯನ್ನು ನೀನು ಅವರಿಗೆ ಹೇಳಿದೆ. ಯಾವತ್ತಿನ ಹಾಗೆಯೇ ಹೇಳಿದೆ. ದನಿ ಏರಿಸುವಲ್ಲಿ ಏರಿಸಿದೆ, ನಿಲ್ಲಿಸುವಲ್ಲಿ ನಿಲ್ಲಿಸಿದೆ. ಒಂದು ಕೂದಲೆಳೆಯಷ್ಟೂ ನಡುಗಲಿಲ್ಲ. ಬಸ್ಸಿನ ಕಿಟಕಿಯಿಂದ ನಾನು ಕೇಳುತ್ತಿದ್ದೆ. ಇವನು ಮರೆತಿದ್ದಾನೆ ಎಂದುಕೊಂಡೆ. ಅವತ್ತಿನಿಂದ ನಿನ್ನ ಮೇಲೆ ನನಗೆ ಒಳಗೊಳಗೇ ಮುನಿಸು. ಎರಡನೆಯವನು ಹುಟ್ಟಿದ ಮೇಲೂ ಹೋಗಲಿಲ್ಲ.

ಇನ್ನು ಕಳೆದ ಗುರುವಾರದ ವಿಷಯ.

ನಾನೂ ಐಲಿಯೂ ಒಂದು ಮನೆಯ ನೆಲ ಬಿಡಿಸುತ್ತಿದ್ದೆವು. ಗಾರೆಯ ನೆಲ, ದೊಡ್ಡ ಮನೆಯೇನಲ್ಲ, ಒಲೆಯ ಬೂದಿ ಇನ್ನೂ ಮೂಲೆಯಲ್ಲಿ ಇತ್ತು. ನಡುವೆ ಒಂದು ಕಡೆ ಗಾರೆಯ ಬಣ್ಣ ಬೇರೆ. ತೇಪೆ ಹಾಕಿದ್ದರು. ತೇಪೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕೆಳಗಿನ ಮಣ್ಣು ಕುಸಿದಾಗಲೆಲ್ಲ ಯಾರೋ ಬಗ್ಗಿ ಕೂತು ಮತ್ತೆ ಸಾರಿಸಿ ಮಟ್ಟ ಮಾಡಿದ್ದರು. ಬಿಡಿಸಿದರೆ ಕೆಳಗೆ ಅಡ್ಡ ಮಲಗಿಸಿದ ಗುಡಾಣ. ಅದರ ಕತ್ತನ್ನು ಬೇಕೆಂದೇ ಒಡೆದಿದ್ದರು. ಆ ಬಾಯಿಯಲ್ಲಿ ತೂರದಂಥದ್ದನ್ನು ಒಳಗೆ ಇಡಬೇಕಾಗಿದ್ದಾಗ ಹಾಗೆ ಮಾಡುತ್ತಿದ್ದರು ಎಂದು ನಿನಗೂ ಗೊತ್ತು, ನನಗೂ ಗೊತ್ತು. ನಾನು ಬ್ರಷ್ಷು ಕೆಳಗಿಟ್ಟೆ. ಒಳಗಿನ ಮಣ್ಣನ್ನು ಐಲಿ ಚಮಚದಿಂದ ತೆಗೆದಳು. ಹಕ್ಕಿಯದೇನೋ ಎನ್ನುವಷ್ಟು ತೆಳ್ಳಗಿನ ಪಕ್ಕೆಲುಬುಗಳು. ಪಕ್ಕದಲ್ಲಿ ಒಂದು ಪುಟ್ಟ ಗಿಂಡಿ, ಕುಡಿಯಲಿ ಎಂದು.

ಅಷ್ಟು ಸಾವಿರ ವರ್ಷದ ಹಿಂದಿನ ಯಾವಳೋ ಒಬ್ಬಳು, ದೇವರು ಯಾರೋ, ಭಾಷೆ ಯಾವುದೋ. ಅವಳು ತನ್ನ ಕೂಸನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಅದರ ಮೇಲೆಯೇ ಕಸ ಗುಡಿಸಿದಳು, ರೊಟ್ಟಿ ತಟ್ಟಿದಳು, ನೆಲ ಕುಸಿದಾಗ ಸಾರಿಸಿದಳು. ಯಾರೂ ಅವಳಿಗೆ ಮರೆತುಬಿಡು ಎನ್ನಲಿಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು ಎಲ್ಕಾನಾ. ಗುಂಡಿಯಲ್ಲಿ ಮೊಣಕಾಲೂರಿ ಕೂತು ಹೊಟ್ಟೆಕಿಚ್ಚು ಪಟ್ಟೆ.

ನಮ್ಮ ದಿಬ್ಬದಲ್ಲಿ ಯಾರೂ ಮನುಷ್ಯರ ಮೂಳೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಸತ್ತವರನ್ನು ಕೆದಕುತ್ತಾರೆಂಬ ಸುದ್ದಿ ಹರಡಿ ಜನ ಸೇರಿ ಜಗಳವಾಗುತ್ತದೆ ಎಂದು. ಅತಿಥಿ ಬಂದಿದ್ದಾರೆ ಎನ್ನುತ್ತೇವೆ. ಐಲಿ ಮೇಲೆ ನೋಡಿ, ಅತಿಥಿ ಬಂದಿದ್ದಾರೆ, ಪುಟ್ಟವರು ಎಂದಳು. ಓಬದ್ಯಾ ಅವತ್ತು ಕೆಣಕಲಿಲ್ಲ. ಟೋಪಿ ತೆಗೆದು ಇಳಿದು ಬಂದ, ಚಿತ್ರ ತೆಗೆಸಿದ, ಫೋನು ಮಾಡಿದ. ಅಂಥ ಮೂಳೆಗಳನ್ನು ತೆಗೆದುಕೊಂಡು ಹೋಗಿ ಮತ್ತೆ ಮಣ್ಣು ಮಾಡಲು ಒಬ್ಬ ಮುದುಕ ಬರುತ್ತಾನೆ, ಶಲ್ತಿಯೆಲ್ ಎಂದು. ನಿನಗೆ ಆ ಹೆಸರು ಗೊತ್ತು. ಊರಿನ ಶವಸಂಸ್ಕಾರ ಮಂಡಳಿಯ ಕೆಲಸವನ್ನೂ ಮಾಡುವವನು ಅವನೇ.

ಅವನು ಬಂದಾಗ ನಾವು ನೆರಳು ಬಲೆಯ ಕೆಳಗೆ ತಿಂಡಿಗೆ ಕೂತಿದ್ದೆವು. ಬೇಯಿಸಿದ ಮೊಟ್ಟೆ, ಸೌತೆಕಾಯಿ, ಕಲ್ಲಂಗಡಿ. ಚಿಕ್ಕಮ್ಮ ಮಗುವಿಗೆ ಹಾಲು ಕುಡಿಸಲೆಂದು ಎತ್ತಿಕೊಂಡು ಬಂದಿದ್ದಳು. ಓಬದ್ಯಾ ಮುದುಕನಿಗೆ ಚಹಾ ಕೊಡುತ್ತ, ನಾವು ಬೆವರು ಸುರಿಸಿ ತೆಗೀತೀವಿ ಅಜ್ಜ, ನೀನು ಆರಾಮಾಗಿ ಬಂದು ಮತ್ತೆ ಹೂಳ್ತೀಯ ಎಂದ. ಅದಕ್ಕೇ ಮಗಾ ಇಬ್ಬರ ಹೊಟ್ಟೆನೂ ತುಂಬ್ತಿರೋದು ಎಂದು ಮುದುಕ ನಕ್ಕ. ಮೂಳೆಗಳನ್ನು ಬಿಳಿ ಬಟ್ಟೆಯ ಚೀಲದಲ್ಲಿ ಆಗಲೇ ಇಟ್ಟುಕೊಂಡಿದ್ದ, ತೊಡೆಯ ಮೇಲೆ. ನೆಲದ ಮೇಲೆ ಇಡಲಿಲ್ಲ. ಇದಕ್ಕೆ ಹೆಸರಿಡುತ್ತೀರಾ ಎಂದು ನಾನು ಕೇಳಿದೆ. ಗಂಡೋ ಹೆಣ್ಣೋ ಗೊತ್ತಿಲ್ಲವಲ್ಲ ತಾಯಿ, ಏನಂತ ಕರೆಯಲಿ ಎಂದ.

ಆಗ ನಮ್ಮವನು ಬಕೆಟ್ಟುಗಳ ಕಡೆಗೆ ಅಂಬೆಗಾಲಿಟ್ಟು ಹೊರಟ. ಚಿಕ್ಕಮ್ಮ ಕೂಗಿದಳು, ಯೆದಾಯಾ, ಬಾರೋ ಇಲ್ಲಿ ಕಳ್ಳ, ಎಂದು.

ಶಲ್ತಿಯೆಲ್ ಅಜ್ಜನ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು.

"ಯಾರಮ್ಮಾ ಇವನಿಗೆ ಈ ಹೆಸರಿಟ್ಟೋರು?" ಎಂದು ಕೇಳಿದ.

ಅಪ್ಪ ಇಟ್ಟದ್ದು ಎಂದೆ. ಹಳೆಯ ಯಾಜಕರ ವಂಶಾವಳಿ ಓದುವಾಗ ಸಿಕ್ಕಿತಂತೆ, ಯಾರೂ ಇಡದ ಹೆಸರು, ಚೆನ್ನಾಗಿದೆ ಅಂತ ನಾನೂ ಒಪ್ಪಿದೆ ಎಂದೆ. ನೀನು ನನಗೆ ಹೇಳಿದ್ದು ಅದನ್ನೇ ತಾನೇ? ಅಪ್ಪನ ಹೆಸರೇನು ಎಂದು ಕೇಳಿದ. ಹೇಳಿದೆ. ಯಾತ್ರಿಕರ ಬಸ್ಸಿನಲ್ಲಿ ಕಥೆ ಹೇಳೋನಾ ಎಂದ. ಹೌದು ಎಂದೆ. ಮುದುಕ ಲೋಟವನ್ನು ಕೆಳಗಿಟ್ಟ. ಚೀಲವನ್ನು ಮಾತ್ರ ಇಡಲಿಲ್ಲ.

"ಈ ಹೆಸರು ನಾನು ಒಂದೇ ಸಲ ಇಟ್ಟಿದ್ದು ತಾಯಿ," ಎಂದ. "ಅಲ್ಲಿ ಇಟ್ಟ ಹೆಸರನ್ನ ಯಾರೂ ಮನೆಗೆ ತಗೊಂಡು ಹೋಗಲ್ಲ."

ಆಮೇಲೆ ಅವನು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ, ಸುಳ್ಳಿದ್ದರೆ ತಿದ್ದು. ಹೆಸರಿಡುವ ಎಂಟನೆಯ ದಿನ ತುಂಬುವ ಮುಂಚೆ ಹೋದ ಗಂಡುಕೂಸಿಗೆ ಮಂಡಳಿಯವರೇ ಗುಂಡಿಯ ಬಳಿ ಒಂದು ಹೆಸರಿಡುತ್ತಾರಂತೆ, ಸತ್ತವರೆಲ್ಲ ಏಳುವ ದಿನ ಕೂಗಿದರೆ ಓಗೊಡಲಿ ಎಂದು. ಬದುಕಿರುವವರ ಮನೆಯ ಹೆಸರು ಅದಕ್ಕೆ ತಗಲಬಾರದು, ಅದರ ಹೆಸರು ಬದುಕಿರುವವರಿಗೆ ತಗಲಬಾರದು ಎಂದು ಯಾರೂ ಇಡದ ಹೆಸರನ್ನೇ ಹುಡುಕುತ್ತಾನಂತೆ. ಅಪ್ಪಂದಿರು ಗೇಟಿನಲ್ಲೇ ನಿಲ್ಲುತ್ತಾರೆ, ಬಹಳ ಜನ ಬರುವುದೇ ಇಲ್ಲ. ನೀನು ಮಾತ್ರ ಕೂಸನ್ನು ಅವನ ಕೈಗೆ ಕೊಡಲೇ ಇಲ್ಲವಂತೆ. ಬಸ್ಸಿನಲ್ಲಿ ನಿದ್ದೆ ಹೋದ ಮಗುವನ್ನು ಎಚ್ಚರವಾಗದ ಹಾಗೆ ಇಳಿಸಿಕೊಳ್ಳುತ್ತಾರಲ್ಲ, ಹಾಗೆ ಹಿಡಿದುಕೊಂಡು ನಡೆದೆಯಂತೆ.

"ವಾಪಸು ಬರೋವಾಗ ದಾರಿಯುದ್ದಕ್ಕೂ ಹೆಸರು ಕೇಳ್ತಾನೇ ಇದ್ದ," ಎಂದ ಮುದುಕ. "ಏನಂದ್ರಿ, ಏನಂದ್ರಿ ಅಂತ. ಮರೆತುಬಿಡ್ತೀನಿ ಇನ್ನೊಂದ್ಸಲ ಹೇಳಿ ಅಂತ. ಗೇಟಿನ ತನಕ ನಾನು ಹೇಳ್ತಾನೇ ಇದ್ದೆ."

ಐಲಿಗೆ ಅರ್ಧವೂ ಅರ್ಥವಾಗಿರಲಿಕ್ಕಿಲ್ಲ, ಆದರೂ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಚಿಕ್ಕಮ್ಮ ಮಗುವನ್ನು ಶಾಲಿನಲ್ಲಿ ಮುಚ್ಚಿಕೊಂಡು ಉಗುಳಿ ದೃಷ್ಟಿ ತೆಗೆಯುತ್ತಿದ್ದಳು. ಜಾಗ ಎಲ್ಲಿ ಎಂದು ನಾನು ಮುದುಕನನ್ನು ಕೇಳಿದೆ. ತಾಯಂದಿರಿಗೆ ಹೇಳುವ ಪದ್ಧತಿಯಿಲ್ಲ, ನಿನ್ನ ಗಂಡನನ್ನೇ ಕೇಳು ಎಂದ. ಅಷ್ಟು ಹೇಳಿ ಚೀಲವನ್ನು ಎದೆಗೆ ಅವಚಿಕೊಂಡು ಇಳಿದು ಹೋದ.

ಎಲ್ಕಾನಾ, ಗುರುವಾರದಿಂದ ನಾನು ನಿನ್ನನ್ನು ಬೈಯಲು ಮಾತು ಹುಡುಕುತ್ತಿದ್ದೇನೆ. ಎಂಥ ಕೆಲಸ ಮಾಡಿದೆ ನೀನು! ಹೋದ ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದೆ, ತೊಡಿಸಿ ನನ್ನ ಕೈಯಲ್ಲೇ ಗುಂಡಿ ಹಾಕಿಸಿದೆ. ಅಲ್ಪಾಯುಷಿಯ ಹೆಸರನ್ನು ಇಟ್ಟರೆ ಆಯಸ್ಸೂ ಅಷ್ಟೇ ಬರುತ್ತದೆ ಎಂದು ನನ್ನ ಅಜ್ಜಿ ನಂಬಿದ್ದಳು. ನಾನು ನಂಬುವುದಿಲ್ಲ. ನಂಬದವಳು ಇವತ್ತು ಬೆಳಗ್ಗೆ ಮಗು ಸ್ವಲ್ಪ ಹೆಚ್ಚು ಹೊತ್ತು ಮಲಗಿತು ಎಂದು ಅದನ್ನು ಅಲುಗಾಡಿಸಿ ಎಬ್ಬಿಸಿ ಅಳಿಸಿದ್ದೇನೆ. ಇನ್ನೊಂದು ಹೆಸರು ಸೇರಿಸೋಣ, ಜೀವ ಅನ್ನೋ ಅರ್ಥದ ಹಯ್ಯೀಮ್ ಅಂತ ಮುಂದೆ ಹಾಕಿಸಿದರೆ ಸಾವಿನ ದೂತನಿಗೆ ಗುರುತು ತಪ್ಪುತ್ತದೆ ಎಂದು ಚಿಕ್ಕಮ್ಮ ದುಂಬಾಲು ಬಿದ್ದಿದ್ದಾಳೆ.

ಬೈಗುಳ ಹುಡುಕುತ್ತ ಹೋದರೆ ಸಿಗುವುದೆಲ್ಲ ಬೇರೆಯೇ. ಇವನಿಗೆ ಸ್ನಾನ ಮಾಡಿಸುವಾಗ ನೀನು ಸುಮ್ಮನೆ ಹೆಸರು ಕರೆಯುತ್ತ ಕೂರುತ್ತಿದ್ದೆ. ಏನೂ ಹೇಳಬೇಕಾಗಿರಲಿಲ್ಲ, ಬರೀ ಯೆದಾಯಾ, ಯೆದಾಯಾ ಎಂದು. ಎಷ್ಟು ಸಲ ಕರೀತೀಯೋ, ಸವೆದುಹೋಗುತ್ತೆ ಎಂದು ನಾನು ಗೇಲಿ ಮಾಡಿದ್ದೆ. ನೀನು ಮುಖ ಆ ಕಡೆ ತಿರುಗಿಸಿ ಟವೆಲ್ಲು ತರಲು ಹೋಗಿದ್ದೆ. ನಾಯಿನ್‌ನಲ್ಲಿ ನೀನು ಆ ಕಥೆ ಹೇಳುತ್ತಿದ್ದಾಗಲೂ ಆ ಹೆಸರು ನಿನ್ನ ಬಾಯಲ್ಲಿ ಇತ್ತಲ್ಲವೇ? ಅದನ್ನು ನುಂಗಿಕೊಂಡೇ ದನಿ ಏರಿಸುವಲ್ಲಿ ಏರಿಸಿದೆಯಲ್ಲವೇ? ಇವನು ಮರೆತಿದ್ದಾನೆ ಎಂದು ನಾನು ಕಿಟಕಿಯಲ್ಲಿ ಕೂತು ಶಪಿಸುತ್ತಿದ್ದಾಗ, ಮರೆಯದೆ ಇದ್ದವನು ನೀನೊಬ್ಬನೇ ಆಗಿದ್ದೆ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ತಾಯಿಗೆ ಹೇಳಬೇಡ, ಹೇಳಿದರೆ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಅವರೆಲ್ಲ ನಿನ್ನ ತಲೆಗೆ ತುಂಬಿರುತ್ತಾರೆ. ಹೇಳದೆಯೂ ನಾನು ಎದ್ದದ್ದೇನು ಮಹಾ. ನೀನು ಒಬ್ಬನೇ ಹೊತ್ತೆ, ನಾನು ಒಬ್ಬಳೇ ಹೊತ್ತೆ, ಒಂದೇ ಮಂಚದ ಎರಡು ಅಂಚಿನಲ್ಲಿ ಬೆನ್ನು ತಿರುಗಿಸಿ ಮಲಗಿದೆವು. ಅದಕ್ಕೆ ನನ್ನ ಕ್ಷಮೆ ಇನ್ನೂ ಇಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲ. ಸುಳ್ಳು ಭರವಸೆ ಬರೆಯಲಾರೆ.

ನನಗೆ ಬೇಕಾದದ್ದು ಇಷ್ಟು. ಶುಕ್ರವಾರ ನಿನಗೆ ಬಸ್ಸಿಲ್ಲ ಎಂದು ನಿನ್ನ ತಂಗಿ ಹೇಳಿದಳು. ಬೆಳಗ್ಗೆ ಬಾ. ಅವನಿರುವ ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋಗು. ದಾರಿಯಲ್ಲಿ ಬೇಕಾದ್ದು ಮಾತಾಡು, ಅಲ್ಲಿ ಹೋದ ಮೇಲೆ ಏನೂ ಹೇಳಬೇಡ. ಕಥೆ ಬೇಡ, ಸಮಾಧಾನ ಬೇಡ. ಅವತ್ತು ನೀನು ಅವನನ್ನು ಹೇಗೆ ಹಿಡಿದುಕೊಂಡಿದ್ದೆ, ಎಡಗೈಯಲ್ಲೋ ಬಲಗೈಯಲ್ಲೋ, ಅಷ್ಟನ್ನು ಮಾತ್ರ ತೋರಿಸು. ನಾನು ಅವನನ್ನು ಬಟ್ಟೆ ಸುತ್ತಿದ ಮೇಲೆ ನೋಡಲೇ ಇಲ್ಲ.

ಅಲ್ಲಿಂದ ನಾನು ನಿನ್ನ ಜೊತೆ ಮನೆಗೆ ಬರುತ್ತೇನೋ, ಚಿಕ್ಕಮ್ಮನ ಮನೆಗೇ ತಿರುಗುತ್ತೇನೋ, ಅಲ್ಲಿ ನಿಂತ ಮೇಲೆ ತಿಳಿಯುತ್ತದೆ.

ಹೊಟ್ಟೆಗೆ ಸರಿಯಾಗಿ ತಿನ್ನು. ನೀನು ಸೊರಗಿದ್ದೀ ಎಂದೂ ನಿನ್ನ ತಂಗಿ ಹೇಳಿದಳು.

ನಿನ್ನ ಇಬ್ಬರು ಮಕ್ಕಳ ತಾಯಿ,
ತಿರ್ಜಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಲಕೋಟೆ ಅಂಟಿಸುವ ಮುಂಚೆ ಹೇಳಿಬಿಡುತ್ತೇನೆ. ಶಲ್ತಿಯೆಲ್ ಅಜ್ಜ ಜಾಗ ಹೇಳದೆ ಹೋಗಲಿಲ್ಲ. ದಿಬ್ಬದ ಅರ್ಧ ಇಳಿದವನು ಮತ್ತೆ ಮೇಲೆ ಹತ್ತಿ ಬಂದು ಹೇಳಿದ. ಭಾನುವಾರ ಮಗುವನ್ನು ಎತ್ತಿಕೊಂಡು ಹೋಗಿಬಂದೆ. ಹಿಂದಿನ ಬೇಲಿಯ ಪಕ್ಕ, ಕಲ್ಲಿಲ್ಲ, ಗುರುತಿಲ್ಲ, ಒಣಹುಲ್ಲು. ತಲೆ ಯಾವ ಕಡೆಗೆ ಎಂದೂ ತಿಳಿಯಲಿಲ್ಲ. ಒಂದು ಸಲ ಗಟ್ಟಿಯಾಗಿ ಕರೆಯೋಣ ಎಂದು ಯೆದಾಯಾ ಎಂದೆ. ನನ್ನ ಸೊಂಟದ ಮೇಲಿದ್ದವನು ತಿರುಗಿ ನನ್ನ ಮುಖ ನೋಡಿ ನಕ್ಕ. ಎರಡನೆಯ ಸಲ ಕರೆಯಲು ನನ್ನಿಂದಾಗಲಿಲ್ಲ. ಶುಕ್ರವಾರ ನೀನು ನನ್ನ ಪಕ್ಕ ನಿಲ್ಲುವುದು ಆಮೇಲೆ. ಮೊದಲು ಇವನನ್ನು ಎತ್ತಿಕೊಂಡು ಗೇಟಿನಾಚೆ ಹೋಗು, ನಾನು ಅವನನ್ನು ಕರೆದದ್ದು ಇವನಿಗೆ ಕೇಳಿಸದಷ್ಟು ದೂರ.